ಮಗುವಿನ ಕಲಿಕಾ ಶೈಲಿ ಹುಡುಕುವ ಮೊದಲು: ಲೆಕ್ಕ ಬಿಡಿಸಲು ಕಲಿಸುವ ಏಳು ಹಂತಗಳು

"ನನ್ನ ಮಗಳು ವಿಷುವಲ್ ಲರ್ನರ್. ಅವಳಿಗೆ ಗಣಿತವನ್ನು ಚಿತ್ರದಲ್ಲೇ ಹೇಳಿಕೊಡಬೇಕಾ?" "ಮಗ ಕೇಳಿ ಕಲಿಯುವವನು ಅಂತ ಆನ್‌ಲೈನ್ ಟೆಸ್ಟ್‌ನಲ್ಲಿ ಬಂತು. ಆದರೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿದರೂ ಬಿಡಿಸಲ್ಲ. ಏನು ಮಾಡಲಿ?"

ಮಕ್ಕಳ ಗಣಿತದ ಬಗ್ಗೆ ಬರೆಯುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಇದು 8ರಿಂದ 11 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅದಕ್ಕಿಂತ ಚಿಕ್ಕವರಾದರೆ ಸಂಖ್ಯೆಗಳನ್ನು ಚಿಕ್ಕದು ಮಾಡಿಕೊಳ್ಳಿ, ಹಂತಗಳು ಅವೇ.

ಮೊದಲು ಈ 'ಶೈಲಿ'ಯ ವಿಚಾರ

ಕಲಿಕಾ ಶೈಲಿ ಅಂದರೆ ಪ್ರತಿ ಮಗುವಿಗೂ ತನ್ನದೇ ಒಂದು ದಾರಿಯಲ್ಲಿ ಪಾಠ ಚೆನ್ನಾಗಿ ಹತ್ತುತ್ತದೆ ಎನ್ನುವ ನಂಬಿಕೆ. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಓದಿ ಬರೆದು, ಇನ್ನು ಕೆಲವರು ಕೈಯಿಂದ ಮಾಡಿ. ಈ ನಾಲ್ಕರ ಪಟ್ಟಿಯನ್ನು 1992ರಲ್ಲಿ ಜನಪ್ರಿಯಗೊಳಿಸಿದವರು ನ್ಯೂಜಿಲೆಂಡ್‌ನ ನೀಲ್ ಫ್ಲೆಮಿಂಗ್. ನೀವು ಆನ್‌ಲೈನ್‌ನಲ್ಲಿ ಮಾಡಿಸಿದ ಟೆಸ್ಟ್ ಬಹುಶಃ ಇದರದ್ದೇ ಒಂದು ಮರಿ. ಇಂಥ ಮಾದರಿ ಇದೊಂದೇ ಅಲ್ಲ. 2004ರಲ್ಲಿ ಬ್ರಿಟನ್‌ನಲ್ಲಿ ನಡೆದ ಒಂದು ಪರಿಶೀಲನೆ 71 ಮಾದರಿಗಳನ್ನು ಪಟ್ಟಿ ಮಾಡಿತು. ಎಪ್ಪತ್ತೊಂದು! ಹಾಗಾದರೆ ನಿಮ್ಮ ಮಗು ಯಾವ ಪಟ್ಟಿಯ ಯಾವ ಖಾನೆಗೆ ಸೇರಬೇಕು?

ಮುಖ್ಯ ಪ್ರಶ್ನೆ ಬೇರೆ ಇದೆ. ಶೈಲಿಗೆ ತಕ್ಕ ಹಾಗೆ ಪಾಠ ಮಾಡಿದರೆ ನಿಜವಾಗಿ ಜಾಸ್ತಿ ಕಲಿಯುತ್ತಾರಾ? ಅದನ್ನು ಪರೀಕ್ಷಿಸಬೇಕೆಂದರೆ 'ನೋಡಿ ಕಲಿಯುವ' ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಚಿತ್ರದಲ್ಲಿ, ಅರ್ಧ ಜನಕ್ಕೆ ಮಾತಿನಲ್ಲಿ ಪಾಠ ಮಾಡಬೇಕು. 'ಕೇಳಿ ಕಲಿಯುವ' ಮಕ್ಕಳಿಗೂ ಹಾಗೆಯೇ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಮೊದಲಿನವರು ಚಿತ್ರದಲ್ಲೂ ಎರಡನೆಯವರು ಮಾತಿನಲ್ಲೂ ಮುಂದೆ ಬಂದರೆ ಮಾತ್ರ ಈ ನಂಬಿಕೆ ಗೆದ್ದ ಹಾಗೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಿನ ಮೂವರು ಮನಃಶಾಸ್ತ್ರಜ್ಞರು ಇಂಥ ಅಧ್ಯಯನಗಳನ್ನು ಹುಡುಕಿದರು. ಸರಿಯಾಗಿ ಮಾಡಿದ ಅಧ್ಯಯನಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲೂ ಹಲವು ಈ ನಂಬಿಕೆಗೆ ವಿರುದ್ಧವಾಗಿಯೇ ಇದ್ದವು.

ಹಾಗಂತ ನಿಮ್ಮ ಮಗಳಿಗೆ ಚಿತ್ರ ಇಷ್ಟ ಅನ್ನುವುದು ಸುಳ್ಳಲ್ಲ. ಇಷ್ಟ ಇದೆ. ಆದರೆ ಇಷ್ಟವಾಗುವುದು ಬೇರೆ, ಅದರಿಂದಲೇ ಕಲಿಯುವುದು ಬೇರೆ. ಲೆಕ್ಕದಲ್ಲಂತೂ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಯಾಕೆಂದರೆ ಯಾವ ರೂಪ ಬೇಕು ಎಂದು ಕೇಳುವುದು ಲೆಕ್ಕ, ಮಗು ಅಲ್ಲ. ಕೆಲವು ಲೆಕ್ಕ ಗೆರೆ ಕೇಳುತ್ತವೆ, ಕೆಲವು ಬೆರಳು, ಕೆಲವು ಸುಮ್ನೆ ಇನ್ನೊಂದು ಸಲ ನಿಧಾನವಾಗಿ ಓದುವುದನ್ನು.

ಇನ್ನೊಂದು ವಿಷಯ. ಮಕ್ಕಳು ಲೆಕ್ಕಕ್ಕೆ ಕೈ ಹಾಕುವ ರೀತಿಯಲ್ಲಿ ವ್ಯತ್ಯಾಸ ಇದ್ದೇ ಇದೆ, ಅದು ಉತ್ತರವನ್ನೂ ಬದಲಿಸುತ್ತದೆ. ಒಬ್ಬರು ಓದುವ ಮುಂಚೆಯೇ ಕೂಡುತ್ತಾರೆ, ಇನ್ನೊಬ್ಬರು ಬರೆಯಲು ಹೆದರಿ ಕೂರುತ್ತಾರೆ. ಆದರೆ ಇವು ಅಭ್ಯಾಸಗಳು, ಹುಟ್ಟುಗುಣವಲ್ಲ. ಅಭ್ಯಾಸವನ್ನು ಬದಲಿಸಬಹುದು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಏನೇನು ಬೇಕು

ಎಣಿಸಲು 20 ಗೋಲಿ ಅಥವಾ ಗುಂಡಿ, ಚೌಕುಳಿ ಹಾಳೆ, ಪೆನ್ಸಿಲ್. ರಬ್ಬರ್ ಬೇಡ, ಅಳಿಸಿದ ತಪ್ಪು ನಿಮಗೆ ಕಾಣುವುದಿಲ್ಲ. ದಿನಕ್ಕೆ 20 ನಿಮಿಷ. ಇದೆಲ್ಲಕ್ಕಿಂತ ಕಷ್ಟದ ಸಾಮಗ್ರಿ ಒಂದಿದೆ: ನಿಮ್ಮ ಬಾಯಿ ಮುಚ್ಚಿಕೊಂಡಿರುವುದು.

ಈ ಮೂರು ಲೆಕ್ಕಗಳನ್ನು ಬರೆದಿಟ್ಟುಕೊಳ್ಳಿ. ಲೇಖನದ ಉದ್ದಕ್ಕೂ ಇವೇ ಬರುತ್ತವೆ.

ಗೋಲಿ ಲೆಕ್ಕ: ರವಿ ಹತ್ತಿರ 12 ಗೋಲಿ ಇವೆ. ಇದು ಅನು ಹತ್ತಿರ ಇರುವುದಕ್ಕಿಂತ 5 ಜಾಸ್ತಿ. ಅನು ಹತ್ತಿರ ಎಷ್ಟಿವೆ?

ಗಿಡದ ಲೆಕ್ಕ: 20 ಮೀಟರ್ ಉದ್ದದ ನೇರ ದಾರಿ. ಅದರ ಒಂದು ಬದಿಯಲ್ಲಿ 5 ಮೀಟರಿಗೊಂದರಂತೆ ಗಿಡ ನೆಟ್ಟಿದ್ದಾರೆ. ಎರಡೂ ತುದಿಯಲ್ಲಿ ಗಿಡ ಇದೆ. ಒಟ್ಟು ಎಷ್ಟು ಗಿಡ?

ಮಣಿ ಲೆಕ್ಕ: ಅನು ಹತ್ತಿರ ಇರುವ ಮಣಿಗಳು ರವಿ ಹತ್ತಿರ ಇರುವುದರ ಮೂರು ಪಟ್ಟು. ಇಬ್ಬರದೂ ಸೇರಿ 48. ರವಿ ಹತ್ತಿರ ಎಷ್ಟಿವೆ?

ಹಂತ 1: ಸುಮ್ಮನೆ ಕೂತು ನೋಡಿ

ಮೂರು ಲೆಕ್ಕವನ್ನೂ ಒಂದೊಂದಾಗಿ ಕೊಡಿ. ಸಹಾಯ ಮಾಡಬೇಡಿ. ಸರಿ, ತಪ್ಪು ಅಂತಲೂ ಹೇಳಬೇಡಿ. ಮೊದಲ ಅರ್ಧ ನಿಮಿಷ ಮಗು ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಣ್ಣು ನೇರ ಸಂಖ್ಯೆಗಳ ಮೇಲೆ ಹೋಯಿತಾ? ಮತ್ತೆ ಓದಿತಾ? ಬೆರಳು ಮಡಚಿತಾ? ಚಿತ್ರ ಶುರು ಮಾಡಿತಾ? "ಕೂಡಬೇಕಾ, ಕಳೆಯಬೇಕಾ?" ಅಂತ ನಿಮ್ಮ ಮುಖ ನೋಡಿತಾ?

ಸಾಮಾನ್ಯವಾಗಿ ಸಿಗುವ ತಪ್ಪು ಉತ್ತರಗಳು ಇವು: ಗೋಲಿ ಲೆಕ್ಕಕ್ಕೆ 17, ಗಿಡದ ಲೆಕ್ಕಕ್ಕೆ 4, ಮಣಿ ಲೆಕ್ಕಕ್ಕೆ 16. ಮೂರರ ಹಿಂದೆಯೂ ಬೇರೆ ಬೇರೆ ಕಾರಣ ಇದೆ. ಅದಕ್ಕೇ ಇವನ್ನು ಆರಿಸಿದ್ದು.

1960ರ ದಶಕದಲ್ಲಿ ಜೆರೋಮ್ ಕೇಗನ್ ಎಂಬ ಮನಃಶಾಸ್ತ್ರಜ್ಞರು ಮಕ್ಕಳಿಗೆ ಒಂದೇ ಥರ ಕಾಣುವ ಹಲವು ಚಿತ್ರ ಕೊಟ್ಟು, ಮಾದರಿಗೆ ಸರಿಯಾಗಿ ಹೊಂದುವ ಒಂದನ್ನು ಹುಡುಕಿಸುತ್ತಿದ್ದರು. ಕೆಲವು ಮಕ್ಕಳು ತಟ್ಟನೆ ತೋರಿಸಿ ತಪ್ಪುತ್ತಿದ್ದರು, ಕೆಲವರು ಹೊತ್ತು ತೆಗೆದುಕೊಂಡು ಸರಿ ತೋರಿಸುತ್ತಿದ್ದರು. ನೀವು ಈ ಹಂತದಲ್ಲಿ ಗಮನಿಸಬೇಕಾದದ್ದೂ ಮುಖ್ಯವಾಗಿ ಇದನ್ನೇ: ಅವಸರವೋ, ನಿಧಾನವೋ?

ಎಚ್ಚರಿಕೆ: ಒಂದೇ ಲೆಕ್ಕ ನೋಡಿ ತೀರ್ಮಾನಕ್ಕೆ ಬರಬೇಡಿ. ಗಿಡದ ಲೆಕ್ಕಕ್ಕೆ ಚಿತ್ರ ಬಿಡಿಸಿದ ಮಗುವೇ ಮಣಿ ಲೆಕ್ಕದಲ್ಲಿ ಬಾಯಿಲೆಕ್ಕ ಮಾಡಬಹುದು. ಹಾಗಾದರೆ ಅದರ ಶೈಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಒಳ್ಳೆಯ ಸುದ್ದಿ.

ಹಂತ 2: ಸಂಖ್ಯೆ ಮುಚ್ಚಿ, ಕಥೆ ಹೇಳಿಸಿ

ಲೆಕ್ಕದಲ್ಲಿರುವ ಸಂಖ್ಯೆಗಳ ಮೇಲೆ ಚಿಕ್ಕ ಕಾಗದದ ಚೂರು ಇಡಿ. ಈಗ ಓದಿಸಿ. "ರವಿ ಹತ್ತಿರ ಒಂದಿಷ್ಟು ಗೋಲಿ ಇವೆ. ಇದು ಅನು ಹತ್ತಿರ ಇರುವುದಕ್ಕಿಂತ ಜಾಸ್ತಿ." ಆಮೇಲೆ ಒಂದೇ ಪ್ರಶ್ನೆ ಕೇಳಿ: "ಯಾರ ಹತ್ತಿರ ಜಾಸ್ತಿ ಇವೆ?" ಸಂಖ್ಯೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ರವಿ ಅಂತ ಸರಿಯಾಗಿಯೇ ಹೇಳುತ್ತಾರೆ. ಆಮೇಲೆ ಚೂರು ತೆಗೆದು, ಮಗು ಮೊದಲು ಕೊಟ್ಟ ಉತ್ತರ 17ನ್ನು ತೋರಿಸಿ. "ಅನು ಹತ್ತಿರ 17 ಇದ್ದರೆ ಯಾರ ಹತ್ತಿರ ಜಾಸ್ತಿ ಆಯ್ತು?" ಅಲ್ಲಿಗೆ ಮಗುವೇ ನಿಲ್ಲುತ್ತದೆ.

17 ಯಾಕೆ ಬರುತ್ತದೆ? 'ಜಾಸ್ತಿ' ಕಂಡರೆ ಕೂಡು, 'ಉಳಿದದ್ದು' ಕಂಡರೆ ಕಳೆ, 'ಪ್ರತಿಯೊಂದು' ಕಂಡರೆ ಗುಣಿಸು ಅಂತ ನಾವೇ ಹೇಳಿಕೊಟ್ಟಿರುತ್ತೇವೆ. ಗೋಡೆಗೆ ಅಂಟಿಸಿದ ಪಟ್ಟಿಯೂ ಇರುತ್ತದೆ. ದಯವಿಟ್ಟು ಅದನ್ನು ಕಿತ್ತು ಹಾಕಿ. ಲೆಕ್ಕದಲ್ಲಿ ಎಡವುವವರು ಪದ ಮತ್ತು ಸಂಖ್ಯೆಯನ್ನು ಹೆಕ್ಕಿ ಓಡುತ್ತಾರೆ, ಚೆನ್ನಾಗಿ ಬಿಡಿಸುವವರು ಮೊದಲು ಸನ್ನಿವೇಶವನ್ನು ತಲೆಯಲ್ಲಿ ಕಟ್ಟಿಕೊಳ್ಳುತ್ತಾರೆ. ಮನಃಶಾಸ್ತ್ರಜ್ಞರಾದ ರಿಚರ್ಡ್ ಮೇಯರ್, ಮೇರಿ ಹೆಗಾರ್ಟಿ ಮೊದಲಾದವರು 1980 ಮತ್ತು 90ರ ದಶಕಗಳಲ್ಲಿ ಇದನ್ನು ತೋರಿಸಿದ್ದಾರೆ. ನನ್ನ ಅನಿಸಿಕೆ ಕೇಳಿದರೆ, ಈ ಒಂದು ವ್ಯತ್ಯಾಸ ಎಲ್ಲ ಶೈಲಿ ಪಟ್ಟಿಗಳಿಗಿಂತ ದೊಡ್ಡದು.

ಇದು ಎಷ್ಟು ದೂರ ಹೋಗಬಹುದು ಗೊತ್ತಾ? ಸುಮಾರು 1980ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಚಿಕ್ಕ ತರಗತಿಯ 97 ಮಕ್ಕಳಿಗೆ ಹೀಗೊಂದು ಪ್ರಶ್ನೆ ಕೇಳಿದರು: "ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸೆಷ್ಟು?" 76 ಮಕ್ಕಳು ಕೊಟ್ಟ ಸಂಖ್ಯೆಗಳನ್ನೇ ಹೇಗೋ ಬಳಸಿ ಉತ್ತರ ಕೊಟ್ಟರು. ಆ ಮಕ್ಕಳು ದಡ್ಡರೇನಲ್ಲ. ಲೆಕ್ಕ ಅಂದ ಮೇಲೆ ಉತ್ತರ ಬರಲೇಬೇಕು ಅಂತ ಶಾಲೆಯಲ್ಲಿ ಕಲಿತಿದ್ದರು, ಅಷ್ಟೇ. ನೀವೂ ಆಗಾಗ ಉತ್ತರವೇ ಇಲ್ಲದ ಲೆಕ್ಕ ಒಂದನ್ನು ನಡುವೆ ಸೇರಿಸಿ. "ಇದಕ್ಕೆ ಉತ್ತರ ಹೇಳೋಕಾಗಲ್ಲ" ಅಂತ ಮಗು ಹೇಳಿದ ದಿನ ಹಬ್ಬ ಮಾಡಿ.

ಹಂತ 3: ಕೈಗೆ ಕೊಡಿ

ಗಿಡದ ಲೆಕ್ಕಕ್ಕೆ 20 ಭಾಗಿಸು 5, ಉತ್ತರ 4 ಅಂತ ಬರೆದ ಮಗುವಿಗೆ ವಿವರಣೆ ಕೊಡಲು ಹೋಗಬೇಡಿ. ಅಂಗೈ ಅಗಲಿಸಿ ಹಿಡಿಯಲು ಹೇಳಿ. ಬೆರಳು ಎಷ್ಟು? ಐದು. ಬೆರಳುಗಳ ನಡುವಿನ ಸಂದು ಎಷ್ಟು? ನಾಲ್ಕು. ಒಂದೊಂದು ಸಂದು 5 ಮೀಟರ್, ಹಾಗಾದರೆ ದಾರಿಯ ಉದ್ದ 20 ಮೀಟರ್. ಗಿಡಗಳು? ಬೆರಳುಗಳೇ. ಲೆಕ್ಕ ಪೂರ್ತಿ ಅಂಗೈಯಲ್ಲೇ ಇದೆ.

ಈಗ ನೋಡಿ, ಇದನ್ನು 'ಕೈಯಿಂದ ಕಲಿಯುವ' ಮಗುವಿಗೆ ಮಾತ್ರ ತೋರಿಸಬೇಕಾ? 'ನೋಡಿ ಕಲಿಯುವ' ಮಗುವಿಗೆ ಬೇಡವಾ? ಈ ಪ್ರಶ್ನೆಯೇ ವಿಚಿತ್ರ ಅನಿಸುತ್ತದೆ, ಅಲ್ವಾ?

ಮನಃಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ್ದು ಇದರ ಹತ್ತಿರದ ಮಾತು: ಒಂದು ವಿಚಾರವನ್ನು ಮಾಡಿ ತೋರಿಸುವುದು, ಚಿತ್ರದಲ್ಲಿ ತೋರಿಸುವುದು, ಚಿಹ್ನೆಯಲ್ಲಿ ಬರೆಯುವುದು ಎಂಬ ಮೂರು ರೂಪಗಳು. ಸಿಂಗಪುರದ ಗಣಿತ ಪಾಠಗಳು 1980ರ ದಶಕದಿಂದ ಇದೇ ಸಾಲಿನಲ್ಲಿ ಸಾಗುತ್ತವೆ: ಮೊದಲು ವಸ್ತು, ಆಮೇಲೆ ಚಿತ್ರ, ಆಮೇಲೆ ಅಂಕಿ. ಎಲ್ಲ ಮಕ್ಕಳಿಗೂ ಮೂರೂ ರೂಪ.

ಎಚ್ಚರಿಕೆ ಎರಡು. ಬಣ್ಣಬಣ್ಣದ ಆಟಿಕೆ ಎಣಿಸಲು ಕೊಟ್ಟರೆ ಮಗು ಆಟಿಕೆ ನೋಡುತ್ತದೆ, ಲೆಕ್ಕ ನೋಡುವುದಿಲ್ಲ. ಎಲ್ಲ ಒಂದೇ ಥರದ, ಸಪ್ಪೆ ಗುಂಡಿಗಳೇ ವಾಸಿ. ಎರಡನೆಯದು, ವಸ್ತುವಿನಲ್ಲೇ ನಿಂತು ಬಿಡಬೇಡಿ. ಎರಡು ಮೂರು ಲೆಕ್ಕ ಆದ ಮೇಲೆ ಗುಂಡಿ ಪಕ್ಕಕ್ಕಿಟ್ಟು "ಈಗ ಇದನ್ನೇ ಹಾಳೆಯಲ್ಲಿ ತೋರಿಸು" ಅನ್ನಿ.

ಹಂತ 4: ಚಿತ್ರ ಬೇಡ, ಗೀಟು ಬೇಕು

'ವಿಷುವಲ್' ಮಕ್ಕಳ ಅಪ್ಪ ಅಮ್ಮಂದಿರು ಈ ಹಂತವನ್ನು ನಿಧಾನವಾಗಿ ಓದಿ.

ಮೇಲೆ ಹೇಳಿದ ಮೇರಿ ಹೆಗಾರ್ಟಿ ಮತ್ತು ಮಾರಿಯಾ ಕೊಜೆವ್ನಿಕೊವ್ 1999ರಲ್ಲಿ ಆರನೇ ತರಗತಿಯ ಹುಡುಗರು ವಾಕ್ಯದ ಲೆಕ್ಕ ಬಿಡಿಸುವಾಗ ಎಂಥ ಚಿತ್ರ ಬಳಸುತ್ತಾರೆ ಅಂತ ನೋಡಿದರು. (ವಾಕ್ಯದ ಲೆಕ್ಕ ಅಂದರೆ ಕಥೆಯ ರೂಪದಲ್ಲಿ ಬರುವ ಲೆಕ್ಕ, ನಮ್ಮ ಮೂರರ ಹಾಗೆ.) ಎರಡು ಬಗೆಯ ಚಿತ್ರ ಸಿಕ್ಕವು. ಒಂದು, ವಸ್ತುವಿನ ಚಿತ್ರ: ಗಿಡ, ಅದರ ಎಲೆ, ನೆಡುವವನ ಮುಖ. ಇನ್ನೊಂದು, ಸಂಬಂಧದ ಚಿತ್ರ: ಒಂದು ಗೆರೆ, ಅದರ ಮೇಲೆ ಗುರುತು, ಗುರುತುಗಳ ನಡುವಿನ ಅಂತರ. ಎರಡನೆಯದನ್ನು ಬಳಸಿದವರು ಜಾಸ್ತಿ ಲೆಕ್ಕ ಸರಿ ಮಾಡಿದರು. ಮೊದಲನೆಯದನ್ನು ಬಳಸಿದವರು ಹಿಂದೆ ಬಿದ್ದರು.

ಎರಡೂ ಕಣ್ಣಿಗೆ ಕಾಣುವ ಚಿತ್ರಗಳೇ. ಎರಡೂ ಮಕ್ಕಳಿಗೆ 'ನೋಡಿ ಕಲಿಯುವವರು' ಅಂತ ಲೇಬಲ್ ಹಚ್ಚಬಹುದು. ಫಲ ಮಾತ್ರ ಉಲ್ಟಾ. ಆದ್ದರಿಂದ "ಚಿತ್ರ ಬಿಡಿಸು" ಅಂತ ಮಾತ್ರ ಹೇಳಿದರೆ ಸಾಲದು. ಹೀಗೆ ಮಾಡಿ:

ಮಗು ಬಿಡಿಸಿದ ಚಿತ್ರ ಚೆನ್ನಾಗಿದೆ ಅನ್ನಿ. ಸುಳ್ಳಲ್ಲ, ಚೆನ್ನಾಗಿಯೇ ಇರುತ್ತದೆ. ಆಮೇಲೆ "ಇದನ್ನೇ ಹತ್ತು ಸೆಕೆಂಡಲ್ಲಿ ಬಿಡಿಸೋದಾದರೆ ಹೇಗೆ ಬಿಡಿಸ್ತೀಯ?" ಅಂತ ಕೇಳಿ. ಸಮಯ ಕಡಿಮೆಯಾದಾಗ ಎಲೆ ಹೋಗುತ್ತದೆ, ಮುಖ ಹೋಗುತ್ತದೆ, ಗೆರೆ ಮತ್ತು ಚುಕ್ಕೆ ಉಳಿಯುತ್ತವೆ. ಬೇಕಾದದ್ದು ಅದೇ.

ಹೋಲಿಕೆಯ ಲೆಕ್ಕಗಳಿಗೆ ಪಟ್ಟಿ ಚಿತ್ರ ಕಲಿಸಿ. ಪಟ್ಟಿ ಚಿತ್ರ ಅಂದರೆ ಪ್ರಮಾಣಗಳನ್ನು ಉದ್ದನೆಯ ಚೌಕಗಳಾಗಿ ಒಂದರ ಕೆಳಗೊಂದು ಬಿಡಿಸುವುದು. ಮಣಿ ಲೆಕ್ಕವನ್ನು ತೆಗೆದುಕೊಳ್ಳಿ. ರವಿಗೆ ಒಂದು ಚೌಕ ಬಿಡಿಸಿ. ಅದರ ಕೆಳಗೆ ಅನುಗೆ ಅಷ್ಟೇ ದೊಡ್ಡ ಮೂರು ಚೌಕ. ಎರಡೂ ಸಾಲಿಗೆ ಸೇರಿಸಿ ಬಲಗಡೆ ಕಂಸ ಹಾಕಿ 48 ಬರೆಯಿರಿ. ಈಗ ಒಟ್ಟು ಚೌಕ ಎಷ್ಟು? ನಾಲ್ಕು. ನಾಲ್ಕು ಚೌಕಕ್ಕೆ 48, ಒಂದಕ್ಕೆ 12. ರವಿ ಹತ್ತಿರ 12, ಅನು ಹತ್ತಿರ 36.

16 ಎಲ್ಲಿಂದ ಬಂದಿತ್ತು? 48ನ್ನು ಮೂರರಿಂದ ಭಾಗಿಸಿದ್ದರಿಂದ. 'ಮೂರು ಪಟ್ಟು' ಅನ್ನುವುದು ಕಿವಿಗೆ ಬಿತ್ತು, ರವಿಯ ಆ ಒಂದು ಪಾಲು ಬಿಟ್ಟು ಹೋಯಿತು. ಪಟ್ಟಿ ಚಿತ್ರದಲ್ಲಿ ಅದು ಬಿಟ್ಟು ಹೋಗುವುದಕ್ಕೆ ಜಾಗವೇ ಇಲ್ಲ, ಕಣ್ಣೆದುರೇ ಕೂತಿರುತ್ತದೆ.

ಭಿನ್ನರಾಶಿಗೂ ಇದೇ ಸಾಕು. "ಒಂದು ತರಗತಿಯ ನಾಲ್ಕರಲ್ಲಿ ಮೂರು ಭಾಗ ಅಂದರೆ 18 ಮಕ್ಕಳು. ಒಟ್ಟು ಎಷ್ಟು?" ನಾಲ್ಕು ಚೌಕ, ಮೂರಕ್ಕೆ 18, ಒಂದಕ್ಕೆ 6, ಒಟ್ಟು 24. ಸೂತ್ರ ಹೇಳಿಕೊಡುವ ಮೊದಲೇ ಮಗು ಉತ್ತರ ಹೇಳಿರುತ್ತದೆ.

ಎಚ್ಚರಿಕೆ: ಪಟ್ಟಿಯನ್ನು ಪ್ರತಿ ಸಲ ನೀವೇ ಬಿಡಿಸಿ ಕೊಡಬೇಡಿ. ಮೊದಲ ಎರಡು ಲೆಕ್ಕ ನೀವು ಬಿಡಿಸಿ ತೋರಿಸಿ, ಮೂರನೆಯದನ್ನು ಅರ್ಧ ಬಿಡಿಸಿ ನಿಲ್ಲಿಸಿ, ನಾಲ್ಕನೆಯದು ಪೂರ್ತಿ ಮಗುವಿನದು. ಚೌಕಗಳ ಅಳತೆ ಸ್ವಲ್ಪ ಹೆಚ್ಚು ಕಡಿಮೆ ಆದರೂ ಸುಮ್ಮನಿರಿ. ಅಳತೆಪಟ್ಟಿ ಹಿಡಿದು ಗೆರೆ ಹಾಕುವ ಮಗುವಿಗೆ ಲೆಕ್ಕ ಮರೆತೇ ಹೋಗುತ್ತದೆ.

ಹಂತ 5: ಹಾಳೆಯ ಮೇಲೆ ಇಳಿಸಿ

"ಅವನು ಎಲ್ಲವನ್ನೂ ತಲೆಯಲ್ಲೇ ಮಾಡುತ್ತಾನೆ, ಬರೆಯುವ ಶೈಲಿ ಅವನದಲ್ಲ." ಇದನ್ನೂ ಕೇಳಿದ್ದೇನೆ. ನಮ್ಮ ತಲೆಗೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳಲು ಆಗುವುದು ಕೆಲವೇ ಸಂಗತಿಗಳು. ದೊಡ್ಡವರಿಗೇ ಸುಮಾರು ನಾಲ್ಕು, ಮಕ್ಕಳಿಗೆ ಇನ್ನೂ ಕಡಿಮೆ. ಇದಕ್ಕೆ ಕಾರ್ಯಸ್ಮರಣೆ ಅನ್ನುತ್ತಾರೆ, ಅಂದರೆ ಕೆಲಸ ಮಾಡುತ್ತಿರುವಾಗ ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ ಜಾಗ. ಎರಡು ಹೆಜ್ಜೆಯ ಲೆಕ್ಕದಲ್ಲಿ ಈ ಜಾಗ ತುಂಬಿ ಚೆಲ್ಲುತ್ತದೆ. ಭಯವಾದರೆ ಇನ್ನೂ ಬೇಗ ಚೆಲ್ಲುತ್ತದೆ, ಯಾಕೆಂದರೆ ಭಯವೂ ಅಲ್ಲೇ ಜಾಗ ಹಿಡಿಯುತ್ತದೆ. ಹಾಳೆ ಇರುವುದು ಈ ಭಾರ ಇಳಿಸಲು. ಹಾಗಾಗಿ ಬರೆಯುವುದು ಎಲ್ಲರಿಗೂ ಬೇಕು.

ಎಲ್ಲವನ್ನೂ ಅಂದವಾಗಿ ಬರೆಸಬೇಡಿ. ರಫ್ ಹಾಳೆಯಲ್ಲಿ ಒಂದು ಸಾಲಿಗೆ ಒಂದು ಹೆಜ್ಜೆ, ಪಕ್ಕದಲ್ಲಿ ಅದು ಏನು ಅನ್ನುವುದಕ್ಕೆ ಒಂದು ಪದ. "48 ÷ 4 = 12, ರವಿ." ಸಾಕು.

ಇಲ್ಲಿ ತುಂಬ ಮಕ್ಕಳು ಮಾಡುವ ತಪ್ಪು: 12 + 5 = 17 − 3 = 14 ಅಂತ ಉದ್ದಕ್ಕೆ ಬರೆಯುತ್ತಾ ಹೋಗುವುದು. ಉತ್ತರ ಸರಿ, ಬರೆದದ್ದು ತಪ್ಪು. 12 + 5 ಎಂಬುದು 17 − 3ಕ್ಕೆ ಸಮ ಅಲ್ಲ. ಮಗುವಿಗೆ ಸಮ ಚಿಹ್ನೆ ಎಂದರೆ 'ಮುಂದೆ ಉತ್ತರ ಬರೆ' ಅಂತ ಆಗಿದೆ, 'ಎರಡೂ ಕಡೆ ಒಂದೇ' ಅಂತ ಆಗಿಲ್ಲ. ಈಗ ತಿದ್ದದಿದ್ದರೆ ಮುಂದೆ ಬೀಜಗಣಿತದಲ್ಲಿ ಇದೇ ಕಾಟ ಕೊಡುತ್ತದೆ.

ಹಂತ 6: ಉತ್ತರ ಬಂದ ಮೇಲೆ ಇನ್ನೊಂದು ದಾರಿ

ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಲೆಕ್ಕ ಬಿಡಿಸುವುದನ್ನು ನಾಲ್ಕು ಹೆಜ್ಜೆಯಾಗಿ ವಿವರಿಸಿದರು: ಅರ್ಥ ಮಾಡಿಕೊ, ಉಪಾಯ ಹೂಡು, ಮಾಡು, ಹಿಂತಿರುಗಿ ನೋಡು. ನಾಲ್ಕನೆಯದನ್ನು ಹೆಚ್ಚುಕಡಿಮೆ ಎಲ್ಲರೂ ಹಾರಿಸುತ್ತಾರೆ. ನಾವೂ ಹಾರಿಸಿದ್ದೇವೆ.

ಹಿಂತಿರುಗಿ ನೋಡುವುದು ಅಂದರೆ ಕೂಡಿದ್ದನ್ನು ಮತ್ತೆ ಕೂಡುವುದಲ್ಲ. ಉತ್ತರವನ್ನು ಕಥೆಯೊಳಗೆ ವಾಪಸ್ ಹಾಕಿ ಓದುವುದು. "ರವಿ ಹತ್ತಿರ 12, ಅನು ಹತ್ತಿರ 7. ಐದು ಜಾಸ್ತಿಯಾ? ಹೌದು." ಆಮೇಲೆ ಬೇರೆ ರೂಪದಲ್ಲಿ ಇನ್ನೊಮ್ಮೆ: ಗೀಟಿನಲ್ಲಿ ಮಾಡಿದ್ದರೆ ಅಂಕಿಯಲ್ಲಿ, ಅಂಕಿಯಲ್ಲಿ ಮಾಡಿದ್ದರೆ ಗೀಟಿನಲ್ಲಿ. ಸೋವಿಯತ್ ಮನಃಶಾಸ್ತ್ರಜ್ಞ ವಾದಿಮ್ ಕ್ರುಟೆಟ್ಸ್ಕಿ ಗಣಿತದಲ್ಲಿ ಚುರುಕಾದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಕೆಲವರ ಒಲವು ಮಾತು ಮತ್ತು ತರ್ಕದ ಕಡೆ, ಕೆಲವರದು ಚಿತ್ರದ ಕಡೆ, ಇನ್ನು ಕೆಲವರಲ್ಲಿ ಎರಡೂ ಸಮವಾಗಿ ಬೆರೆತಿರುತ್ತವೆ ಅಂತ ಬರೆದಿದ್ದರು. ಅಂದರೆ ಯಾವ ಒಲವಿನವರೂ ಗಣಿತದಲ್ಲಿ ಮುಂದೆ ಬರಬಹುದು. ಇಲ್ಲಿ ಮಾಡುವುದು ಒಲವಿಲ್ಲದ ಕಡೆಗೂ ಕೈ ಪಳಗಿಸುವ ಕೆಲಸ.

ದಿನಕ್ಕೆ ಹತ್ತು ಲೆಕ್ಕ ಒಂದೊಂದು ಸಲ ಮಾಡಿಸುವುದಕ್ಕಿಂತ ಎರಡು ಲೆಕ್ಕವನ್ನು ಎರಡೆರಡು ದಾರಿಯಲ್ಲಿ ಮಾಡಿಸಿ. ಮಗು ಗೊಣಗುತ್ತದೆ. "ಉತ್ತರ ಬಂತಲ್ಲ, ಮತ್ಯಾಕೆ?" ಅನ್ನುತ್ತದೆ. ಗೊಣಗಲಿ ಬಿಡಿ.

ಹಂತ 7: ಕಲಸಿ ಕೊಡಿ

ಒಂದೇ ಬಗೆಯ ಲೆಕ್ಕ ಸಾಲಾಗಿ ಇಪ್ಪತ್ತು ಕೊಟ್ಟರೆ ಮೂರನೆಯದರ ನಂತರ ಮಗು ಓದುವುದನ್ನೇ ಬಿಡುತ್ತದೆ. ಈ ಪುಟ ಪೂರ್ತಿ ಭಾಗಾಕಾರ ಅಂತ ಗೊತ್ತಿದ್ದ ಮೇಲೆ ಓದುವುದು ಯಾಕೆ? ಅದರ ಬದಲು ಬೇರೆ ಬೇರೆ ಬಗೆಯವನ್ನು ಬೆರೆಸಿ ಕೊಡಿ. ಆಗ ಪ್ರತಿ ಸಲವೂ 'ಇಲ್ಲಿ ಯಾವ ದಾರಿ?' ಅಂತ ಆರಿಸಬೇಕಾಗುತ್ತದೆ. ಮೊದಮೊದಲು ತಪ್ಪು ಜಾಸ್ತಿ ಆಗುತ್ತದೆ, ಗಾಬರಿಯಾಗಬೇಡಿ. ದಿನಗಳು ಕಳೆದ ಮೇಲೆ ಕೊಡುವ ಪರೀಕ್ಷೆಯಲ್ಲಿ ಬೆರೆಸಿ ಕಲಿತವರೇ ಮುಂದಿರುತ್ತಾರೆ ಅನ್ನುವುದಕ್ಕೆ ಅಧ್ಯಯನಗಳ ಬಲ ಚೆನ್ನಾಗಿಯೇ ಇದೆ.

ಇದು ಶೈಲಿಯಲ್ಲ, ತಪಾಸಣೆ ಬೇಕು

ಒಂದು ಗೆರೆ ಇಲ್ಲಿ ಎಳೆಯಲೇಬೇಕು. ಮಗು ಬೋರ್ಡಿನ ಮೇಲಿನದನ್ನು ತಪ್ಪಾಗಿ ಇಳಿಸಿಕೊಳ್ಳುತ್ತಿದ್ದರೆ "ಅವಳು ಕೇಳಿ ಕಲಿಯುವವಳು" ಅಂದುಕೊಳ್ಳಬೇಡಿ, ಕಣ್ಣು ಪರೀಕ್ಷೆ ಮಾಡಿಸಿ. ಲೆಕ್ಕವನ್ನು ನೀವು ಓದಿ ಹೇಳಿದರೆ ಥಟ್ಟನೆ ಬಿಡಿಸಿ, ತಾನೇ ಓದಬೇಕಾದಾಗ ಪ್ರತಿ ಸಲ ಸೋಲುತ್ತಿದ್ದರೆ ತೊಂದರೆ ಓದಿನಲ್ಲಿರಬಹುದು. ಅದಕ್ಕೆ ಡಿಸ್ಲೆಕ್ಸಿಯಾ ಕಾರಣವಾಗಿರಲೂಬಹುದು. 9 ವರ್ಷವಾದರೂ 7 ಮತ್ತು 9ರಲ್ಲಿ ಯಾವುದು ದೊಡ್ಡದು ಅಂತ ಎಣಿಸಿಯೇ ಹೇಳಬೇಕು, ನಿನ್ನೆ ಬಂದ 6 + 3 ಇವತ್ತು ಬರುವುದಿಲ್ಲ ಅನ್ನುವ ಸ್ಥಿತಿ ತಿಂಗಳುಗಟ್ಟಲೆ ಇದ್ದರೆ ಡಿಸ್ಕ್ಯಾಲ್ಕ್ಯುಲಿಯಾ, ಅಂದರೆ ಸಂಖ್ಯೆಗಳನ್ನು ಗ್ರಹಿಸುವುದರಲ್ಲೇ ಇರುವ ತೊಡಕು, ಇದೆಯಾ ಅಂತ ತಜ್ಞರಲ್ಲಿ ನೋಡಿಸಿ. ಶೈಲಿಯ ಲೇಬಲ್ ಹಚ್ಚಿ ಸಮಾಧಾನವಾದರೆ ಇಂಥದ್ದು ಕಣ್ಣಿಗೆ ಬೀಳುವುದು ತಡವಾಗುತ್ತದೆ. ಆ ಲೇಬಲ್ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ.

ಮತ್ತೆ ಮತ್ತೆ ಬರುವ ಎರಡು ಪ್ರಶ್ನೆ

ಎಷ್ಟು ದಿನ ಹಿಡಿಯುತ್ತದೆ? ಎರಡನೇ ಹಂತದ ಫಲ ಒಂದೆರಡು ವಾರದಲ್ಲಿ ಕಾಣಬಹುದು. ಗೀಟು ಚಿತ್ರ ತಾನಾಗಿ ಕೈಗೆ ಬರಲು ತಿಂಗಳುಗಳೇ ಬೇಕು. ಮೂರು ವಾರಕ್ಕೊಮ್ಮೆ ಹಂತ 1ನ್ನು ಹೊಸ ಲೆಕ್ಕಗಳೊಂದಿಗೆ ಮತ್ತೆ ಮಾಡಿ, ಹಳೆಯ ಚೀಟಿಯ ಪಕ್ಕ ಹೊಸ ಚೀಟಿ ಇಟ್ಟು ನೋಡಿ.

ಬೆರಳು ಮಡಚಿ ಎಣಿಸುವುದನ್ನು ಬಿಡಿಸಬೇಕಾ? ಬೇಡ. ಸಂಖ್ಯೆಗಳು ಕೈವಶವಾದ ಹಾಗೆ ಅದು ತಾನೇ ಕಡಿಮೆಯಾಗುತ್ತದೆ. ಬೈದು ಬಿಡಿಸಿದರೆ ಮೇಜಿನ ಕೆಳಗೆ ಕೈ ಇಟ್ಟು ಎಣಿಸುತ್ತಾರೆ, ನಿಮಗೆ ಕಾಣುವುದಿಲ್ಲ ಅಷ್ಟೇ.